ಹುಳದ ಜ್ವರ, ಅವ್ವನ ನಿದ್ದೆ

ಮೊನ್ನೆ ಸಂಜೆ ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ಕಾಂಪೌಂಡಿನ ಆಚೆಯಿಂದ ನಾಲ್ಕು ಎಕ್ಕದ ಎಲೆ ಕಿತ್ತು ತಂದು, ಹರಳೆಣ್ಣೆ ಸವರಿ, ಕಾದ ಹೆಂಚಿನ ಮೇಲೆ ಬಾಡಿಸಿ ನನ್ನ ಮಂಡಿಗೆ ಕಟ್ಟಿದಳು. ಡಾಕ್ಟರ ಮಾತ್ರೆ, ಮುಲಾಮು, ಬಿಸಿನೀರಿನ ಚೀಲ ಎಲ್ಲ ಮುಗಿದ ಮೇಲೆ ಎಲ್ಲರೂ ಬಂದು ನಿಲ್ಲುವುದು ಎಕ್ಕದ ಗಿಡದ ಹತ್ತಿರವೇ. ಎಲೆ ಕಮರಿ, ಎಣ್ಣೆ ಹೊಗೆಯಾಡಿ, ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಮಾಲೂರಿನ ಈ ಮನೆಯಲ್ಲಿರಲಿಲ್ಲ. ಬೈರಕೂರಿನಿಂದ ಇನ್ನೂ ಒಳಗಿದ್ದ ಒಂದು ಊರಿನ ಹೆಂಚಿನ ಮನೆಯಲ್ಲಿ, ಮಂಡಿಗೆ ಇದೇ ಎಲೆ ಕಟ್ಟಿಕೊಂಡು ಗೋಡೆಗೊರಗಿ ಕೂತಿದ್ದ ಒಬ್ಬ ಮುದುಕಿಯ ಎದುರಿಗಿದ್ದೆ. ಅವಳು ಹೋಗಿ ಎಷ್ಟೋ ವರ್ಷವಾಯಿತು. ಆಗ ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದ ನಾನು ಈಗ ಅವಳ ವಯಸ್ಸನ್ನು ದಾಟಿದ್ದೇನೆ...

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಟೀಚರ್ ಕೆಲಸ ಸಿಕ್ಕಿ, ಮುಳಬಾಗಿಲು ತಾಲ್ಲೂಕಿನ ಆ ಊರಿನ ಪ್ರೈಮರಿ ಶಾಲೆಗೆ ನನ್ನನ್ನು ಹಾಕಿದ್ದರು. ಮದುವೆಯಾಗದ ಹುಡುಗಿ ಒಬ್ಬಳೇ ಇರುತ್ತಾಳೆಂದರೆ ಹಳ್ಳಿಯಲ್ಲಿ ಮನೆ ಕೊಡುವವರು ಯಾರು? ಹೆಡ್‌ಮಾಸ್ತರರೇ ಮಾತಾಡಿ ಒಬ್ಬ ರೈತರ ಮನೆಯ ಮುಂದಿನ ಕೋಣೆ ಕೊಡಿಸಿದರು. ಕೋಣೆಗೆ ಬೀದಿಯ ಕಡೆ ಒಂದು ಬಾಗಿಲು, ಒಳಗೆ ಹಜಾರದ ಕಡೆ ಒಂದು ಬಾಗಿಲು. ಹಜಾರದ ಬಾಗಿಲು ತೆರೆದರೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಮನುಷ್ಯರಲ್ಲ, ಹುಳ. ಸೂರಿನವರೆಗೆ ಒಂದರ ಮೇಲೊಂದು ಬಿದಿರಿನ ತಟ್ಟೆಗಳು, ತಟ್ಟೆಯ ತುಂಬ ಮಿಜಿಗುಡುವ ರೇಷ್ಮೆ ಹುಳ, ಅವುಗಳ ಮೇಲೆ ಕತ್ತರಿಸಿ ಹರಡಿದ ಹಿಪ್ಪುನೇರಳೆ ಸೊಪ್ಪು. ಹುಳಕ್ಕೆಂದೇ ಬೇರೆ ಮನೆ ಕಟ್ಟುವ ಅನುಕೂಲ ಆಗ ಎಲ್ಲರಿಗೂ ಇರಲಿಲ್ಲ. ಜನರ ಮನೆಯಲ್ಲಿ ಹುಳ ಸಾಕುತ್ತಿದ್ದರು ಅನ್ನುವುದಕ್ಕಿಂತ ಹುಳದ ಮನೆಯಲ್ಲಿ ಜನ ಒತ್ತರಿಸಿಕೊಂಡು ಬದುಕುತ್ತಿದ್ದರು ಅನ್ನುವುದೇ ಸರಿ. ಮೊದಲ ವಾರ ನನಗೆ ಅನ್ನ ಸೇರಲಿಲ್ಲ. ಆಮೇಲೆ ಅಭ್ಯಾಸವಾಯಿತು.

ಮನೆಯಲ್ಲಿ ಯಜಮಾನ, ಅವನ ಹೆಂಡತಿ, ಮತ್ತೆ ಅವನ ತಾಯಿ. ಆ ತಾಯಿಯನ್ನು ಇಡೀ ಬೀದಿಯೇ ಅವ್ವ ಎನ್ನುತ್ತಿತ್ತು. ಆ ಕಡೆ ಅಜ್ಜಿಗೆ ಅವ್ವ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ನೆಟ್ಟಗೆ ನಿಂತಿದ್ದರೆ ಎತ್ತರದ ಹೆಂಗಸೇ, ಆದರೆ ಅವಳು ನೆಟ್ಟಗೆ ನಿಂತದ್ದನ್ನು ನಾನು ನೋಡಲಿಲ್ಲ. ವಯಸ್ಸಿನಲ್ಲಿ ಸೊಪ್ಪಿನ ಹೊರೆ ಹೊತ್ತು ಕೆರೆ ಏರಿ ಇಳಿಯುವಾಗ ಜಾರಿ ಬಿದ್ದಿದ್ದಳಂತೆ. ಅವತ್ತು ಹಿಡಿದುಕೊಂಡ ಸೊಂಟ ಮತ್ತೆ ಬಿಡಲಿಲ್ಲ. ಅದರ ಹಿಂದೆ ಮಂಡಿ ಎರಡೂ ಹೋದವು. ಹೊಲಕ್ಕೆ ಹೋಗುವುದು ನಿಂತು, ನೀರು ಸೇದುವುದು ನಿಂತು, ಮುದ್ದೆ ತಿರುವುವುದೂ ನಿಂತು, ಕೊನೆಗೆ ಅವಳ ಪಾಲಿಗೆ ಹಜಾರವೊಂದೇ ಉಳಿದಿತ್ತು. ಹಜಾರದ ಮೂಲೆಯಲ್ಲಿ, ಹುಳದ ತಟ್ಟೆಗಳ ಪಕ್ಕಕ್ಕೇ ಅವಳ ಚಾಪೆ.

ನಿದ್ದೆ ಅನ್ನುವುದು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಮಗ್ಗುಲಾದರೆ ಸೊಂಟ, ಅಂಗಾತ ಮಲಗಿದರೆ ಮಂಡಿ. "ಹಗಲೆಲ್ಲ ಸುಮ್ಕಿರ್ತದಮ್ಮ ಈ ನೋವು. ನಾನು ಮಲಗೋದನ್ನೇ ಕಾಯ್ಕೊಂಡು ಕೂತಿರ್ತದೆ," ಎನ್ನುತ್ತಿದ್ದಳು. ಎಲ್ಲೋ ಸ್ವಲ್ಪ ಕಣ್ಣು ಮುಚ್ಚಿದ್ದನ್ನು ನಾನು ನೋಡಿ "ಮಲಗಿದ್ರಲ್ಲ ಅವ್ವ" ಅಂದರೆ ಒಪ್ಪುತ್ತಿರಲಿಲ್ಲ. ಅದು ನಿದ್ದೆಯಲ್ಲ, ಕುನುಕು ಎನ್ನುತ್ತಿದ್ದಳು. ಅವರ ಮನೆಮಾತು ತೆಲುಗು. ತೂಕಡಿಕೆಗೆ ಅವರು ಹೇಳುವ ಮಾತು ಅದು. ನನ್ನ ಜೊತೆ ಕನ್ನಡ, ಮಗ ಸೊಸೆಯರ ಜೊತೆ ಎರಡೂ ಬೆರೆಸಿ, ಹುಳಗಳ ಜೊತೆ ಮಾತ್ರ ಅಪ್ಪಟ ತೆಲುಗು. ಹುಳಕ್ಕೆ ಕನ್ನಡ ಬರುವುದಿಲ್ಲವಾ ಎಂದು ನಾನು ಚುಡಾಯಿಸಿದರೆ, "ನಿನ್ ಇಸ್ಕೂಲಿಗೆ ಸೇರಿಸ್ಕೊಂಡು ಕಲಿಸು ಹೋಗು," ಎಂದು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು.

ನನ್ನ ಕಥೆಯೇ ಬೇರೆ. ದಿಂಬಿಗೆ ತಲೆ ತಾಗಿದರೆ ಸಾಕು, ಮನೆ ಹೊತ್ತುಕೊಂಡು ಹೋದರೂ ಗೊತ್ತಾಗುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದರೆ ಸಂಜೆ ಕಾಫಿಗೇ ಏಳುವುದು. ಒಂದು ಭಾನುವಾರ ಹೀಗೆ ಕಣ್ಣು ಬಿಟ್ಟಾಗ ಅವ್ವ ಹಜಾರದ ಹೊಸ್ತಿಲಿಗೆ ಒರಗಿ ಕಾಲು ಚಾಚಿ ಕೂತು ನನ್ನನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ಕೂತಿದ್ದಳೋ... ನಾನು ಗಾಬರಿಯಿಂದ ಸೆರಗು ಸರಿಮಾಡಿಕೊಂಡು ಎದ್ದೆ.

"ಮಲಿಕ್ಕೊಳ್ಳಮ್ಮ, ಮಲಿಕ್ಕೊ. ನೀನು ಮಲಗಿರೋದು ನೋಡಿದ್ರೆ ನಂಗೆ ಹೊಟ್ಟೆ ತುಂಬಿದಂಗಾಗ್ತದೆ," ಅಂದಳು.

ಆಮೇಲೆ ಅದು ಅವಳಿಗೆ ಒಂದು ರೂಢಿಯೇ ಆಯಿತು. ಭಾನುವಾರ ಮಧ್ಯಾಹ್ನವಾದರೆ ಬಂದು ಕೂರುತ್ತಿದ್ದಳು. ಮೊದಮೊದಲು ನನಗೆ ಮುಜುಗರ. ಬರಬರುತ್ತಾ ಅವಳು ಬಂದು ಕೂತಳೆಂದರೆ ಇನ್ನೂ ಚೆನ್ನಾಗಿ ನಿದ್ದೆ ಹತ್ತುತ್ತಿತ್ತು. ನನ್ನನ್ನು ಹಾಗೆ ಕಾದು ಕೂತವರು ನನ್ನ ತಾಯಿಯ ನಂತರ ಅವಳೊಬ್ಬಳೇ.

ರೇಷ್ಮೆ ಹುಳ ಸಾಕಿದವರಿಗೆ ಗೊತ್ತು, ಅದು ಹಸುಗೂಸು ಸಾಕಿದ ಹಾಗೆ. ಹೊತ್ತುಹೊತ್ತಿಗೆ ಸೊಪ್ಪು ಬೇಕು, ರಾತ್ರಿಯೂ ಬೇಕು. ಆ ರಾತ್ರಿಯ ಸೊಪ್ಪನ್ನು ಅವ್ವ ಯಾವಾಗಲೋ ತನ್ನ ತಲೆಗೆ ಹಾಕಿಕೊಂಡಿದ್ದಳು. ಹೊಲದಲ್ಲಿ ದುಡಿದು ಬಂದ ಮಗ ಸೊಸೆ ಮಲಗಲಿ, ತಾನು ಹೇಗೂ ಹೊರಳಾಡುತ್ತಲೇ ಇರುತ್ತೇನಲ್ಲ, ಆ ಹೊರಳಾಟವನ್ನು ಸೊಪ್ಪು ಹಾಕುವುದರಲ್ಲಿ ಕಳೆದರೆ ಆಯಿತು ಎಂದು ಅವಳೇ ಶುರು ಮಾಡಿದ್ದು. ಇದೊಂದನ್ನೂ ನಾನು ಕಣ್ಣಾರೆ ಕಂಡವಳಲ್ಲ, ಗೋಡೆಯ ಈಚೆ ಗೊರಕೆ ಹೊಡೆಯುತ್ತಿದ್ದೆ. ಬೆಳಿಗ್ಗೆ ಅವಳೇ ಹೇಳುತ್ತಿದ್ದಳು. ಯಾವ ತಟ್ಟೆಯ ಹುಳ ಚುರುಕಾಗಿ ತಿಂದವು, ಯಾವ ತಟ್ಟೆಗೆ ಇರುವೆ ಹತ್ತಲು ಬಂದಿತ್ತು, ಎಲ್ಲ ವರದಿ. ಸೊಪ್ಪು ತಿನ್ನುವಾಗ ಹುಳಗಳ ಸದ್ದು ಯಾರೋ ಗಂಜಿ ಹಾಕಿದ ಹೊಸ ಸೀರೆ ಉಟ್ಟು ಓಡಾಡಿದ ಹಾಗಿರುತ್ತಿತ್ತು. ಆ ಸದ್ದು ಕೇಳುತ್ತಾ ಕೂತರೆ ನೋವು ಸ್ವಲ್ಪ ಮರೆಯುತ್ತದೆ ಅನ್ನುತ್ತಿದ್ದಳು.

ಹಾಗಾದರೆ ಅವಳು ಮಲಗುತ್ತಿದ್ದದ್ದು ಯಾವಾಗ? ಹುಳ ಮಲಗಿದಾಗ.

ಗೂಡು ಕಟ್ಟುವ ಮುಂಚೆ ಈ ಹುಳಗಳು ನಾಲ್ಕು ಸಲ ಪೊರೆ ಕಳಚುತ್ತವೆ. ಕಳಚುವ ಮುಂಚೆ ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತವೆಂದರೆ ಸೊಪ್ಪು ಹಾಕುವಂತಿಲ್ಲ, ತಟ್ಟೆ ಮುಟ್ಟುವಂತಿಲ್ಲ. ಮೇಲೆ ಒಂದಿಷ್ಟು ಸುಣ್ಣದ ಪುಡಿ ಉದುರಿಸಿ ಬಿಟ್ಟುಬಿಡಬೇಕು. ಆ ಮನೆಯಲ್ಲಿ ಅವತ್ತು ಒನಕೆ ಎತ್ತುತ್ತಿರಲಿಲ್ಲ, ಒಗ್ಗರಣೆ ಹಾಕುತ್ತಿರಲಿಲ್ಲ, ಹೊರಗಿನವರನ್ನು ಹಜಾರಕ್ಕೆ ಬಿಡುತ್ತಿರಲಿಲ್ಲ. ಲಾಟೀನನ್ನು ಅಡುಗೆಮನೆಗೆ ಸಾಗಿಸಿ ಹಜಾರ ಕತ್ತಲು ಮಾಡುತ್ತಿದ್ದರು. ಬಾಣಂತಿ ಕೋಣೆಯ ಮುಂದೆ ಓಡಾಡುವಂತೆ ಎಲ್ಲರೂ ಮೆಲ್ಲಗೆ ಓಡಾಡುವುದು. ಆ ಕತ್ತಲಿನಲ್ಲಿ, ಆ ಸದ್ದಿಲ್ಲದ ಹೊತ್ತಿನಲ್ಲಿ, ಮಾಡಲು ಏನೂ ಕೆಲಸವಿಲ್ಲದೆ ಅವ್ವ ಮಂಡಿಗೆ ಎಲೆ ಕಟ್ಟಿಕೊಂಡು ಮಲಗುತ್ತಿದ್ದಳು. ನಿಜವಾದ ನಿದ್ದೆ. ಕುನುಕಲ್ಲ. ಎದ್ದಾಗ ಮುಖ ತೊಳೆದಿಟ್ಟ ಹಾಗಿರುತ್ತಿತ್ತು. "ನಂಗೂ ಜ್ವರ ಬಿಡ್ತಮ್ಮ," ಎಂದು ನಗುತ್ತಾ ಬರುತ್ತಿದ್ದಳು. ನನಗೆ ತಿಳಿದಂತೆ ಅವಳು ಬದುಕಿದ್ದದ್ದೇ ಆ ನಿದ್ದೆಗಳ ಬಲದಿಂದ.

ಎಂಬತ್ತರ ದಶಕದ ಮೊದಲಲ್ಲಿ ಊರಿಗೆ ಕರೆಂಟು ಬಂತು. ಯಜಮಾನ ಬೇರೆಲ್ಲೂ ಹಾಕಿಸದೆ ಮೊದಲು ಹಜಾರಕ್ಕೇ ಬಲ್ಬು ಹಾಕಿಸಿದ. ಸೀಮೆಎಣ್ಣೆಯ ಹೊಗೆ ಹುಳಕ್ಕೆ ಆಗುವುದಿಲ್ಲ, ಅಮ್ಮ ಕತ್ತಲಲ್ಲಿ ಎಡವಿ ಬೀಳುವುದೂ ತಪ್ಪುತ್ತದೆ ಎಂಬುದು ಅವನ ಲೆಕ್ಕ. ಒಳ್ಳೆಯ ಲೆಕ್ಕವೇ. ಸ್ವಿಚ್ಚಿಗೆ ಅರಿಸಿನ ಕುಂಕುಮ ಹಚ್ಚಿ ಕೈ ಮುಗಿದವಳು ಅವ್ವನೇ. ಬಲ್ಬು ಬಂದ ಮೇಲೆ ರಾತ್ರಿ ಹೊತ್ತಿನಲ್ಲಿ ಎಷ್ಟು ತಟ್ಟೆ ಬೇಕಾದರೂ ನೋಡಿಕೊಳ್ಳಬಹುದು ಅನ್ನಿಸಿತು. ಒಂದು ತಂಡ ಹುಳ ದೊಡ್ಡದಾಗುವಷ್ಟರಲ್ಲಿ ಇನ್ನೊಂದು ತಂಡ ತಂದರೆ ಬೆಳೆ ನಿಲ್ಲುವುದೇ ಇಲ್ಲ ಎಂದು ಅವನು ಹಿಂದೆ ಮುಂದೆ ಮಾಡಿ ಎರಡೆರಡು ತಂಡ ಸಾಕಲು ಶುರು ಮಾಡಿದ. ಕೇಳಿದವರಿಗೆಲ್ಲ ಒಂದೇ ಮಾತು: "ಅಮ್ಮ ಹೆಂಗೂ ಎದ್ದಿರ್ತಾಳೆ."

ಅವನು ಕೆಟ್ಟವನಲ್ಲ. ಬೇಗ ಬೇರೆ ಹುಳದ ಮನೆ ಕಟ್ಟಿಸಿ, ಹಜಾರ ಖಾಲಿ ಮಾಡಿ, ತಾಯಿಗೆ ಗೋಡೆ ಎಬ್ಬಿಸಿ ಒಂದು ಕೋಣೆ ಮಾಡಿಕೊಡಬೇಕೆಂಬ ಆಸೆಯಿಂದಲೇ ಅಷ್ಟು ಹಾರಾಡುತ್ತಿದ್ದ. ಆದರೆ ತಾಯಿಯ ನಿದ್ದೆಗೇಡನ್ನೇ ಮನೆಯ ಒಂದು ಅನುಕೂಲ ಅಂದುಕೊಂಡುಬಿಟ್ಟಿದ್ದ. ಎತ್ತು ಇದೆ, ಬಾವಿ ಇದೆ ಅನ್ನುವ ಹಾಗೆ ಎಚ್ಚರವಿರುವ ಅಮ್ಮ ಇದ್ದಾಳೆ ಎಂದು. ಸೊಸೆಯೂ ಹಾಗೇ ಅಂದುಕೊಂಡಿದ್ದಳು. ಅವ್ವನಂತೂ ಅದನ್ನು ಒಂದು ಹೆಮ್ಮೆಯನ್ನಾಗಿ ಮಾಡಿಕೊಂಡಿದ್ದಳು.

ಎರಡು ತಂಡ ಬಂದ ಮೇಲೆ ಆದದ್ದಿಷ್ಟು. ಒಂದು ತಂಡ ಜ್ವರಕ್ಕೆ ಕೂತಾಗ ಇನ್ನೊಂದು ತಂಡ ತಿನ್ನುತ್ತಿರುತ್ತಿತ್ತು. ಹಜಾರ ಕತ್ತಲಾಗುವುದು ನಿಂತೇಹೋಯಿತು. ಅವ್ವನ ಚಾಪೆಯ ನೆತ್ತಿಗೇ ಬಲ್ಬು, ಹೊತ್ತು ಮುಳುಗಿದಾಗ ಹತ್ತಿದ್ದು ಬೆಳಗಾದ ಮೇಲೇ ಆರುವುದು. ಹಗಲು ನೋಡಿದರೆ ಹುಳಕ್ಕೆ ತಂಪಿರಲೆಂದು ಕಿಟಕಿಗಳಿಗೆಲ್ಲ ನೆನೆಸಿದ ಗೋಣಿತಾಟು. ಹಗಲಲ್ಲಿ ಮಬ್ಬು, ರಾತ್ರಿಯಲ್ಲಿ ಝಗಝಗ. ಆ ಮನೆಯಲ್ಲಿ ಹೊತ್ತೇ ತಲೆಕೆಳಗಾಗಿತ್ತು.

ಒಂದು ವರ್ಷದೊಳಗೆ ಅವಳು ಇಳಿದುಹೋದಳು. ಸಾರಿಗೆ ಎರಡು ಸಲ ಉಪ್ಪು ಹಾಕಿ, ಹಾಕಿಲ್ಲವೆಂದು ಸೊಸೆಯ ಮೇಲೆ ಜಗಳ ತೆಗೆದಳು. ನನ್ನನ್ನು ಎಂದೋ ಸತ್ತ ತನ್ನ ತಂಗಿಯ ಹೆಸರಿನಿಂದ ಕರೆದಳು. ಬೀದಿಯಲ್ಲಿ ಯಾರೋ ಜೋರಾಗಿ ನಕ್ಕರೆಂದು ಅತ್ತಳು. ಒಂದು ದಿನ ಶಾಲೆಯಿಂದ ಬಂದು ನೋಡುತ್ತೇನೆ, ನೀರಿನ ಚೊಂಬು ಕೈಯಲ್ಲಿ ಹಿಡಿದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಾಳೆ. ಕಣ್ಣು ಅರ್ಧ ತೆರೆದಿದೆ, ಚೊಂಬಿನ ನೀರು ಅವಳ ಸೀರೆಯ ಮೇಲೆ ಸುರಿಯುತ್ತಿದೆ, ಅವಳಿಗೆ ಅದರ ಪರಿವೆಯೇ ಇಲ್ಲ. ನಾನು ಚೊಂಬು ತೆಗೆದಿಟ್ಟು ಅವಳನ್ನು ಹಿಡಿದು ಕೂರಿಸಿದೆ. ಭಾನುವಾರ ನನ್ನ ಕೋಣೆಯ ಹೊಸ್ತಿಲಿಗೆ ಬಂದು ಕೂರುವುದನ್ನೂ ಅವಳು ಬಿಟ್ಟಿದ್ದಳು.

ಮುಳಬಾಗಿಲಿಗೆ ಸಂಬಳಕ್ಕೆ ಹೋಗುವ ದಿನ ಅವಳನ್ನೂ ಬಸ್ಸಿಗೆ ಹತ್ತಿಸಿಕೊಂಡು ಹೋಗಿ ಅಲ್ಲಿನ ಡಾಕ್ಟರಿಗೆ ತೋರಿಸಿದೆ. ಅವರು ಮಂಡಿ ಒತ್ತಿ ನೋಡಿದರು, ಕಣ್ಣು ಬಿಡಿಸಿ ನೋಡಿದರು, ಹಗಲು ಎಲ್ಲಿರುತ್ತೀರಿ ಎಂದು ಕೇಳಿದರು. ಹುಳದ ಹತ್ತಿರ ಅಂದಳು. ರಾತ್ರಿ ಎಲ್ಲಿ ಅಂದರೆ ಅದಕ್ಕೂ ಹುಳದ ಹತ್ತಿರ ಅಂದಳು. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ವಯಸ್ಸಾದವರ ನಿದ್ದೆ ಮೊದಲೇ ತೆಳುವಾಗಿರುತ್ತದೆ, ಅದನ್ನು ನೋವು ಮತ್ತೆ ಮತ್ತೆ ಎಬ್ಬಿಸುತ್ತದೆ, ಎದ್ದಾಗ ಕಣ್ಣಿಗೆ ಬೆಳಕು ಬಿದ್ದರೆ ಮತ್ತೆ ನಿದ್ದೆ ಹತ್ತುವುದಿಲ್ಲ ಎಂದು ಬಿಡಿಸಿ ಹೇಳಿದರು. ರಾತ್ರಿ ನೋವಿಗೆ ಮಾತ್ರೆ ಕೊಡಿ, ದೀಪ ಆರಿಸಿ, ಬೆಳಿಗ್ಗೆ ಎದ್ದ ತಕ್ಷಣ ಹೊರಗೆ ಎಳೆ ಬಿಸಿಲಲ್ಲಿ ಕೂರಿಸಿ ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವ್ವನಿಗೆ ನಗುವೋ ನಗು. "ಬಿಸಿಲಲ್ಲಿ ಕೂತ್ಕೋ ಅನ್ನಿಸ್ಕೊಳ್ಳಕ್ಕೆ ಮುಳಬಾಗ್ಲಿಗೆ ಬರ್ಬೇಕಾಯ್ತಾ ಟೀಚರಮ್ಮ?" ಅಂದಳು.

ಮನೆಯಲ್ಲಿ ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಯಜಮಾನ ತಲೆ ತಗ್ಗಿಸಿ ಕೇಳಿದ. ಸೊಸೆಯೇ, "ಇವತ್ತು ಸೊಪ್ಪು ನಾನು ನೋಡ್ಕೋತೀನಿ ಅತ್ತಮ್ಮ, ನೀವು ಟೀಚರಮ್ಮನ ರೂಮಲ್ಲಿ ಮಲಗಿ," ಅಂದಳು. ನನ್ನ ಕೋಣೆಗೆ ಇನ್ನೂ ಕರೆಂಟು ಬಂದಿರಲಿಲ್ಲ. ಅವ್ವ ಮಾತ್ರೆ ನುಂಗಿ, ಎಲೆ ಕಟ್ಟಿಕೊಂಡು, ಗೊಣಗುತ್ತಲೇ ನನ್ನ ಪಕ್ಕ ಚಾಪೆ ಹಾಸಿದಳು. ಬೆಳಿಗ್ಗೆ ನಾನು ಸ್ನಾನ ಮಾಡಿ ಬಂದರೂ ಎದ್ದಿರಲಿಲ್ಲ. ಬಾಯಿ ಸ್ವಲ್ಪ ತೆರೆದು, ಕೈ ಕಾಲು ಬಿಟ್ಟು, ಚಿಕ್ಕ ಮಗುವಿನ ಹಾಗೆ ಮಲಗಿದ್ದಳು. ಬಿಸಿಲು ಬೀದಿಗೆ ಇಳಿದ ಮೇಲೆ ಕಣ್ಣು ಬಿಟ್ಟು, ಯಾರ ಮನೆಯಲ್ಲಿದ್ದೇನೋ ಅನ್ನುವಂತೆ ಸುತ್ತ ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು: "ಸೊಪ್ಪು?"

ಸೊಸೆ ಹಾಕಿದ್ದಳು. ಅವ್ವ ಗೋಡೆ ಹಿಡಿದುಕೊಂಡು ಹೋಗಿ ಒಂದೊಂದು ತಟ್ಟೆಯನ್ನೂ ಬಗ್ಗಿ ನೋಡಿದಳು. ಎಲ್ಲ ಸರಿಯಾಗಿತ್ತು, ಒಂದು ಹುಳವೂ ಹಸಿದಿರಲಿಲ್ಲ. ಅವಳು ಖುಷಿಪಡುತ್ತಾಳೆಂದು ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ. ಅವಳ ಮುಖ ಮಾತ್ರ ಸಪ್ಪಗಾಯಿತು. ಕಾಫಿ ಬೇಡ ಅಂದಳು. ಸಂಜೆ ತನ್ನ ಚಾಪೆ ಸುತ್ತಿ ಮತ್ತೆ ಹಜಾರದ ಮೂಲೆಗೆ ಒಯ್ದಳು. ನನಗೆ ರೇಗಿತು. ಯಾಕವ್ವ ಹೀಗೆ, ಚೆನ್ನಾಗಿ ಮಲಗಿದ್ದಿರಲ್ಲ ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

"ಮಲಗಿದ್ದೆ ಕಣಮ್ಮ, ಇಲ್ಲ ಅನ್ನಲ್ಲ," ಅಂದಳು. "ಹೊಲಕ್ಕೆ ಹೋಗಕ್ಕಾಗಲ್ಲ, ನೀರು ತರಕ್ಕಾಗಲ್ಲ, ಮುದ್ದೆ ತಿರುವಕ್ಕೂ ಆಗಲ್ಲ. ಎದ್ದಿರೋದೊಂದೇ ನನ್ ಕೈಲಿ ಆಗೋ ಕೆಲ್ಸ. ಅದನ್ನೂ ಬಿಟ್ಟು ಮಲಿಕ್ಕೊಂಡ್ರೆ ಈ ಮನೇಲಿ ನಾನ್ಯಾಕಮ್ಮ ಇರ್ಬೇಕು?"

ಹಿತ್ತಿಲ ಬಾಗಿಲಲ್ಲಿ ಸೊಪ್ಪಿನ ಹೊರೆ ಇಳಿಸುತ್ತಿದ್ದ ಮಗನೂ ಅದನ್ನು ಕೇಳಿಸಿಕೊಂಡ. ಹೊರೆಯನ್ನು ಅಲ್ಲೇ ಬಿಟ್ಟು ಹೊರಗೆ ಹೋದವನು ಊಟದ ಹೊತ್ತಿಗೂ ಬರಲಿಲ್ಲ.

ಮುಂದಿನ ಸಲ ಅವನು ಒಂದೇ ತಂಡ ತಂದ. ಬಲ್ಬನ್ನು ಅವ್ವನ ಚಾಪೆಯ ಮೇಲಿನಿಂದ ಕಿತ್ತು ಹಜಾರದ ಆ ತುದಿಗೆ ಹಾಕಿಸಿದ. ಅವ್ವನ ಮೂಲೆಗೆ ಒಂದು ಹಳೆಯ ಸೀರೆ ಅಡ್ಡ ಕಟ್ಟಿದ. ಅವ್ವ ರಂಪ ಮಾಡಿದಳು. ಮನೆ ಕಟ್ಟುವವನು ಬೆಳೆ ಕಡಿಮೆ ಮಾಡುತ್ತಾನಾ ಎಂದು ತೆಲುಗಿನಲ್ಲಿ ಬೈದಳು. ಅವನು ಬೈಸಿಕೊಂಡ. ಅವಳು ಸೀರೆ ಬಿಚ್ಚಿದರೆ ಮತ್ತೆ ಕಟ್ಟಿದ. "ನೀನು ಇದ್ರೆ ಸಾಕಮ್ಮ, ಎದ್ದಿರ್ಬೇಕಾಗಿಲ್ಲ," ಎಂದು ಒಂದು ಸಲ ಅಂದದ್ದು ನನ್ನ ಕಿವಿಗೆ ಬಿತ್ತು. ಅವನ ಬಾಯಲ್ಲಿ ಅಷ್ಟು ಮಾತು ಬಂದದ್ದೇ ದೊಡ್ಡದು. ಆಮೇಲೆ ಅವ್ವ ಬೆಳಿಗ್ಗೆ ಜಗಲಿಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂರುವುದು ಶುರುವಾಯಿತು. ರಾತ್ರಿ ಮಾತ್ರೆಯನ್ನೂ ಹೇಳಿಸಿಕೊಳ್ಳದೆ ನುಂಗುತ್ತಿದ್ದಳು. ಸೊಪ್ಪಿಗೆ ಏಳುವುದನ್ನು ಮಾತ್ರ ಪೂರ್ತಿ ಬಿಡಲಿಲ್ಲ, ಅವಳಿಗೊಂದು ಸರದಿ, ಸೊಸೆಗೊಂದು ಸರದಿ ಎಂದು ರಾಜಿಯಾಯಿತು.

ಆ ಬೆಳೆಯ ಹುಳ ನಾಲ್ಕನೇ ಜ್ವರಕ್ಕೆ ಕೂತವು. ನಾಲ್ಕನೆಯದು ದೊಡ್ಡ ಜ್ವರ, ಉಳಿದವುಗಳಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಬಹಳ ದಿನದ ಮೇಲೆ ಹಜಾರ ಮೊದಲಿನ ಹಾಗೆ ಪೂರ್ತಿ ಕತ್ತಲಾಗಿತ್ತು. ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಸೊಸೆ ತುಟಿಯ ಮೇಲೆ ಬೆರಳಿಟ್ಟು, ಸೀರೆಯ ಪರದೆಯ ಕಡೆ ಕಣ್ಣು ತೋರಿಸಿ ನಕ್ಕಳು. ಪರದೆಯ ಸಂದಿಯಿಂದ ಇಣುಕಿದೆ. ಅವ್ವ ಗೋಡೆಯ ಕಡೆ ಮುಖ ಮಾಡಿ, ತಲೆ ತುಂಬ ಹೊದ್ದು ಮಲಗಿದ್ದಳು. ಸೊಸೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಏನೋ ಗೆದ್ದವರ ಹಾಗೆ ಹಿಗ್ಗಿದೆವು.

ಯಜಮಾನ ಅವತ್ತು ಹೊಲಕ್ಕೇ ಹೋಗಲಿಲ್ಲ. ಜಗಲಿಯ ಮೇಲೆ ಕಾವಲು ಕೂತ. ಬೀದಿಯಲ್ಲಿ ಬುಗುರಿ ಆಡುತ್ತಿದ್ದ ಮಕ್ಕಳನ್ನು ದೇವಸ್ಥಾನದ ಕಡೆಗೆ ಅಟ್ಟಿದ. ಪಾತ್ರೆಗೆ ಕಲಾಯಿ ಹಾಕುವ ಸಾಬರು ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಕೂಗುತ್ತಾ ಬರುತ್ತಿದ್ದವರು ಅವತ್ತೇ ಬಂದರು. ಇವನು ಓಡಿಹೋಗಿ, "ಕೂಗ್ಬೇಡಿ ಭಾಯಿ, ಅಮ್ಮ ಮಲಗವ್ಳೆ," ಅಂದನಂತೆ. ಆ ಅಮ್ಮನಿಗೆ ನಿದ್ದೆ ಬರದ ವಿಷಯ ಸುತ್ತಮುತ್ತ ಗೊತ್ತಿಲ್ಲದವರಾರು! "ಅಚ್ಛಾ! ಅವ್ವಾಗೆ ನಿದ್ದೆ ಬಂತಾ?" ಎಂದು ಅವರು ಸಂತೋಷಪಟ್ಟು, ಸೈಕಲ್ಲಿನ ಗಂಟೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಆ ಬೀದಿ ದಾಟುವವರೆಗೆ ತಳ್ಳಿಕೊಂಡೇ ಹೋದರಂತೆ. ಮಧ್ಯಾಹ್ನ ಊಟಕ್ಕೆ ಬಂದ ನನಗೆ ಇದನ್ನೆಲ್ಲ ಪಿಸುಮಾತಿನಲ್ಲೇ ಹೇಳಿದ. ಸೊಸೆ ಒಲೆಯನ್ನೂ ಹಚ್ಚದೆ ಹಿಂದಿನ ದಿನದ ಮುದ್ದೆಯನ್ನೇ ಮಜ್ಜಿಗೆಯಲ್ಲಿ ಕಿವುಚಿ ಕುಡಿದಿದ್ದಳು. ಅವ್ವನಿಗೆ ಊಟ ಬೇಡವಾ ಎಂದೆ ನಾನು. "ಎಷ್ಟು ವರ್ಷದ ನಿದ್ದೆಯೋ, ಮಲಗ್ಲಿ ಬಿಡಿ ಟೀಚರಮ್ಮ," ಅಂದ. ಅವನ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನಾನೂ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಹೊರಗೆ ಬಂದೆ...

ದೀಪ ಹಚ್ಚುವ ಹೊತ್ತಿನಲ್ಲಿ ಯಾರೂ ಮಲಗಿರಬಾರದು, ಮನೆಗೆ ಒಳ್ಳೆಯದಲ್ಲ. ಆ ಒಂದು ಕಾರಣಕ್ಕೆ ಸೊಸೆ ಪರದೆ ಸರಿಸಿದಳು. "ಅತ್ತಮ್ಮಾ, ದೀಪ ಹಚ್ಚೋ ಹೊತ್ತು, ಏಳಿ," ಎಂದು ಮೆಲ್ಲಗೆ ಕರೆದಳು. ಇನ್ನೊಂದು ಸಲ ಕರೆದಳು. ಆಮೇಲೆ ಪಾದ ಮುಟ್ಟಿದಳು.

ಅವಳ ಕೂಗು ಕೇಳಿ ನಾನು ಓಡಿದೆ. ಅವ್ವ ತಣ್ಣಗಾಗಿದ್ದಳು. ಮೈ ತೊಳೆಯಲು ಬಂದ ಮುದುಕಿಯರು ಸೆಟೆದ ಕೈ ಬೆರಳು ಬಿಡಿಸಲು ನೋಡಿ, ಬೆಳಿಗ್ಗೆಯೋ ಯಾವಾಗಲೋ ಹೋಗಿದೆ ಜೀವ ಎಂದರು. ನಾವು ಇಡೀ ಹಗಲು ಪಿಸುಗುಟ್ಟಿದ್ದು, ಮಕ್ಕಳನ್ನು ಅಟ್ಟಿದ್ದು, ಒಲೆ ಹಚ್ಚದೆ ಇದ್ದದ್ದು, ಎಲ್ಲ ಅವಳಿಗಾಗಿಯೇ. ಅಷ್ಟು ಪ್ರೀತಿಯಿಂದ ಅವಳನ್ನು ಯಾರೂ ಯಾವತ್ತೂ ನೋಡಿಕೊಂಡಿರಲಿಲ್ಲ. ಅದನ್ನು ನೋಡಲು ಅವಳು ಇರಲಿಲ್ಲ.

ಯಜಮಾನ ಅಳಲಿಲ್ಲ. ತಾಯಿಯನ್ನು ನಡುಮನೆಯಲ್ಲಿ ಮಲಗಿಸಿದ ಮೇಲೆ ನನ್ನ ಹತ್ತಿರ ಬಂದು, ಹೆಡ್‌ಮಾಸ್ತರರ ಮುಂದೆ ನಿಂತ ಹುಡುಗನ ಹಾಗೆ ಕೈ ಕಟ್ಟಿ ನಿಂತ. "ನಾನು ಬಾಗ್ಲಲ್ಲೇ ಇದ್ದೆ ಟೀಚರಮ್ಮ. ಬೆಳಗ್ಗೆಯಿಂದ ಯಾರ್ನೂ ಒಳಗೆ ಬಿಡ್ಲಿಲ್ಲ," ಅಂದ.

ಅಷ್ಟು ಹೊತ್ತಿಗೆ ಹುಳಗಳ ಜ್ವರ ಬಿಟ್ಟಿತ್ತು. ಪೊರೆ ಕಳಚಿ ಎದ್ದು ತಲೆ ಆಡಿಸುತ್ತಾ ಸೊಪ್ಪು ಹುಡುಕುತ್ತಿದ್ದವು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಹುಳ ಮುಟ್ಟಬಹುದೋ ಬಾರದೋ ಎಂದು ನೆಂಟರಲ್ಲಿ ಗುಸುಗುಸು ಆಯಿತು. ಸೊಸೆ ಯಾರನ್ನೂ ಕೇಳಲಿಲ್ಲ. ಎದ್ದು ಕೈ ತೊಳೆದು ಒರೆಸಿಕೊಂಡು ಸೊಪ್ಪು ಹರಡುತ್ತಾ ಹೋದಳು. ಸೊಪ್ಪಿಗೆ ತೇವ ತಾಗಬಾರದು, ಅದಕ್ಕೆ ಕಣ್ಣನ್ನು ಕೈಯಿಂದ ಒರೆಸಿಕೊಳ್ಳದೆ ತೋಳಿಗೆ ಒತ್ತಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹಜಾರದ ತುಂಬ ಹುಳ ತಿನ್ನುವ ಸದ್ದು ತುಂಬಿಕೊಂಡಿತು.

ಆ ಸಲದ ಗೂಡು ಚೆನ್ನಾಗಿಯೇ ಬಂತು. ಮುಂದಿನ ವರ್ಷ ಹುಳಕ್ಕೆ ಬೇರೆ ಮನೆಯೂ ಎದ್ದಿತು. ಹಜಾರ ಖಾಲಿಯಾಯಿತು, ಅವ್ವನ ಮೂಲೆಯಲ್ಲಿ ಮಾತ್ರ ಯಾರೂ ಚಾಪೆ ಹಾಸಲಿಲ್ಲ. ನನಗೆ ಶ್ರೀನಿವಾಸಪುರದ ಕಡೆ, ರಾಯಲ್ಪಾಡಿಗೆ ವರ್ಗವಾಯಿತು. ಮದುವೆ, ಮಕ್ಕಳು, ಮಾಲೂರು. ಆ ಊರಿಗೆ ಮತ್ತೆ ಹೋಗಲಾಗಲಿಲ್ಲ. ಹೋಗಬಹುದಿತ್ತು, ಮನಸ್ಸು ಬರಲಿಲ್ಲ.

ಈಗ ನನಗೂ ನಿದ್ದೆ ತೆಳುವಾಗಿದೆ. ಮಂಡಿ ಎಬ್ಬಿಸುತ್ತದೆ, ಎದ್ದರೆ ಬೀದಿದೀಪ ಕಿಟಕಿಯಿಂದ ಮುಖಕ್ಕೇ ಹೊಡೆಯುತ್ತದೆ, ಆಮೇಲೆ ಬೆಳಗಾಗುವವರೆಗೆ ಹೊರಳಾಟ. ಮಗ ದಪ್ಪನೆಯ ಪರದೆ ತಂದು ಹಾಕಿಸಿದ್ದಾನೆ. ಒಮ್ಮೊಮ್ಮೆ ಮಧ್ಯಾಹ್ನ ಚೆನ್ನಾಗಿ ನಿದ್ದೆ ಹತ್ತುತ್ತದೆ. ಹಾಗೆ ಹತ್ತಿದಾಗ ಬಂದು ಮುಟ್ಟಿ ಎಬ್ಬಿಸಬೇಕೆಂದು ನಮ್ಮ ಯಜಮಾನರಿಗೆ ತಾಕೀತು ಮಾಡಿದ್ದೇನೆ. ಅವರಿಗೆ ರೇಗುತ್ತದೆ. "ನಿದ್ದೆ ಬರಲ್ಲ ಅಂತ ಗೊಣಗೋಳೂ ನೀನೇ, ಬಂದಾಗ ಎಬ್ಬಿಸಿ ಅನ್ನೋಳೂ ನೀನೇ," ಎನ್ನುತ್ತಾರೆ. ಆದರೂ ಎಬ್ಬಿಸುತ್ತಾರೆ. ಕಾರಣ ಅವರಿಗೆ ನಾನು ಹೇಳಿಲ್ಲ.

ಆ ಹಗಲಿನಲ್ಲಿ ಅವ್ವ ಎಲ್ಲಿಯವರೆಗೆ ಮಲಗಿದ್ದಳು, ಯಾವಾಗ ಇಲ್ಲವಾದಳು ಎಂಬುದು ನಮಗ್ಯಾರಿಗೂ ತಿಳಿಯಲಿಲ್ಲ. ಜಗಲಿಯ ಮೇಲೆ ಕಾದು ಕೂತಿದ್ದ ಮಗನಿಗೂ ತಿಳಿಯಲಿಲ್ಲ. ಹೊರಟುಹೋಗುವ ಮುಂಚೆ ಒಂದಿಷ್ಟು ಹೊತ್ತಾದರೂ, ನೋವಿಲ್ಲದೆ, ಆ ಕತ್ತಲಲ್ಲಿ ಅವಳು ನಿಜವಾಗಿಯೂ ನಿದ್ದೆ ಮಾಡಿರಲಿ ಎಂದು ಇವತ್ತಿಗೂ ಬೇಡಿಕೊಳ್ಳುತ್ತೇನೆ.